ಕಂಬ ತಟ್ಟಿದರೆ ಉತ್ತರ ಕೊಡಬೇಕು

ವೇದಿಕೆಯ ನಡುವಿನ ದೊಡ್ಡ ಕುರ್ಚಿಯಲ್ಲಿ ಕುಳಿತಿರುವ ನಮ್ಮ ಬೀದಿಯ ನಿವಾಸಿಗಳ ಸಂಘದ ಅಧ್ಯಕ್ಷರೇ, ಹೊಸ ಚಾರ್ಜಿಂಗ್ ಸ್ಟ್ಯಾಂಡಿನ ಗುಂಡಿ ಒತ್ತುವುದಕ್ಕೆಂದೇ ಬಿಡುವು ಮಾಡಿಕೊಂಡು ಬಂದಿರುವ ಮುಖ್ಯ ಅತಿಥಿಗಳೇ, ಆ ಗುಂಡಿಯನ್ನು ಎಲ್ಲಿಟ್ಟೆನೆಂದು ಇನ್ನೂ ಹುಡುಕುತ್ತಿರುವ ಕಾರ್ಯದರ್ಶಿಗಳೇ, ಪಕ್ಕದ ಕೋಣೆಯಿಂದ ಊಟದ ವಾಸನೆ ಬರುತ್ತಿದ್ದರೂ ಜಾಗ ಬಿಟ್ಟು ಏಳದೆ ಕುಳಿತಿರುವ ನನ್ನ ನೆಚ್ಚಿನ ಸಭಿಕರೇ,

ನನಗೆ ಕೊಟ್ಟಿರುವ ವಿಷಯ ಮನೆಯ ಸೋಲಾರ್ ವಿದ್ಯುತ್ತು ಮತ್ತು ವಿದ್ಯುತ್ ವಾಹನಗಳ ಚಾರ್ಜಿಂಗ್. ಬಾಗಿಲಲ್ಲೇ ಕಾರ್ಯದರ್ಶಿಗಳು ನನ್ನನ್ನು ಹಿಡಿದು, ‘ಮೇಡಂ, ಲಾಭ ಏನೇನಿದೆ ಅಷ್ಟು ಮಾತ್ರ ಹೇಳಿ, ಹಳೇದೆಲ್ಲ ಬೇಡ, ಟೈಮಿಲ್ಲ’ ಅಂದರು. ಈ ಕಾರ್ಯದರ್ಶಿಗಳ ಕೈ ಹಿಡಿದು ಅಕ್ಷರ ತಿದ್ದಿಸಿದವಳು ನಾನು. ಆಗಲೂ ಇವರಿಗೆ ಟೈಮಿರಲಿಲ್ಲ. ಈ ಸಭೆಯಲ್ಲಿ ಅರ್ಧ ಜನ ನನ್ನ ವಿದ್ಯಾರ್ಥಿಗಳು, ಇನ್ನರ್ಧ ಜನ ವಿದ್ಯಾರ್ಥಿಗಳ ಅಪ್ಪ ಅಮ್ಮ. ಆದ್ದರಿಂದ ಹಿಂದಿನ ಸಾಲಿನವರು ಮಾತು ನಿಲ್ಲಿಸಿದರೆ ಶುರು ಮಾಡುತ್ತೇನೆ.

ಈ ವಿಷಯಕ್ಕೆ ನನ್ನನ್ನೇ ಯಾಕೆ ಕರೆದರು? ನಾನು ವಿಜ್ಞಾನಿಯಲ್ಲ, ಪ್ರಾಥಮಿಕ ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ. ಆದರೆ ಈ ಬೀದಿಯಲ್ಲಿ ಮೊದಲು ಚಾವಣಿಯ ಮೇಲೆ ಪ್ಯಾನೆಲ್ ಹಾಕಿಸಿದವಳು ನಾನು. ಮೊದಲು ಕರೆಂಟ್ ಕಾರು ತಂದವಳೂ ನಾನೇ. ಸದ್ದೇ ಮಾಡದ ಆ ಪುಟ್ಟ ಕಾರು ಹಿಂದಿನಿಂದ ಬಂದು ನಿಂತಾಗ ನಮ್ಮ ಬೇಕರಿಯವರು ಬ್ರೆಡ್ಡಿನ ಬುಟ್ಟಿ ಸಮೇತ ಚರಂಡಿ ಹಾರಿದ್ದನ್ನು ನೀವೆಲ್ಲ ನೋಡಿದ್ದೀರಿ.

ಇರಲಿ. ಪಾಠ ಸುಲಭ. ಪ್ಯಾನೆಲ್ಲಿನ ಮೇಲೆ ಬಿಸಿಲು ಬಿದ್ದರೆ ಕರೆಂಟ್ ಹುಟ್ಟುತ್ತದೆ. ಅದು ಬ್ಯಾಟರಿಯ ಕರೆಂಟಿನ ಜಾತಿಯದು, ನಮ್ಮ ಫ್ಯಾನಿಗೆ, ಮಿಕ್ಸಿಗೆ ಒಗ್ಗುವುದಿಲ್ಲ. ಅದನ್ನು ಒಗ್ಗಿಸುವುದಕ್ಕೆ ಗೋಡೆಯ ಮೇಲೊಂದು ಪೆಟ್ಟಿಗೆ, ಅದರ ಹೆಸರು ಇನ್ವರ್ಟರ್. ನಮಗೆ ಬೇಕಾದಷ್ಟು ನಾವು ಬಳಸಿ ಉಳಿದದ್ದು ಬೀದಿಯ ಲೈನಿಗೆ ಹೋಗುತ್ತದೆ. ಕಾರನ್ನು ರಾತ್ರಿ ಚಾರ್ಜಿಗೆ ಹಾಕಬೇಡಿ, ಮಧ್ಯಾಹ್ನ ಹಾಕಿ. ಗಾಳಿ ಬಂದಾಗ ತೂರಿಕೋ ಎಂದು ಹಿರಿಯರು ಹೇಳಿದರು, ಬಿಸಿಲು ಬಂದಾಗ ತುಂಬಿಕೋ ಎಂದು ನಾನು ಹೇಳುತ್ತೇನೆ. ಲಾಭ ಮುಗಿಯಿತು, ಕಾರ್ಯದರ್ಶಿಗಳೇ.

ಈಗ ಎಲ್ಲರೂ ನನ್ನನ್ನು ಕೇಳುವ ಒಂದು ಪ್ರಶ್ನೆ. ಬೀದಿಯಲ್ಲಿ ಕರೆಂಟ್ ಹೋದರೆ ನಮ್ಮ ಸೋಲಾರೂ ಯಾಕೆ ನಿಂತುಹೋಗುತ್ತದೆ? ಮೇಲೆ ತಲೆ ಸುಡುವ ಬಿಸಿಲು, ಕೆಳಗೆ ಫ್ಯಾನ್ ಇಲ್ಲ! ಬೇಕರಿಯವರು ಇದೇ ವಿಷಯಕ್ಕೆ ನನ್ನ ಮನೆ ಬಾಗಿಲಿಗೆ ಜಗಳಕ್ಕೇ ಬಂದಿದ್ದರು. ಅವರಿಗೆ ಹೇಳಿದ ಉತ್ತರವನ್ನೇ ನಿಮಗೂ ಹೇಳುತ್ತೇನೆ. ಲೈನಿನಲ್ಲಿ ಕರೆಂಟ್ ಇಲ್ಲವೆಂದರೆ, ಆ ಲೈನಿನ ಮೇಲೆ ಯಾರದೋ ಕೈ ಇರಬಹುದು. ಅದಕ್ಕೇ ಆ ಪೆಟ್ಟಿಗೆ ತಾನೂ ಸುಮ್ಮನಾಗುತ್ತದೆ. ಯಂತ್ರಕ್ಕೆ ಅಷ್ಟು ಬುದ್ಧಿ ಕಲಿಸಿದ್ದಾರೆ.

ಆ ಬುದ್ಧಿಯನ್ನು ಮನುಷ್ಯರಿಗೆ ಕಲಿಸುವುದಕ್ಕೆ ಒಬ್ಬರು ಬಹಳ ಒದ್ದಾಡಿದರು. ಅವರು ನನ್ನ ಯಜಮಾನರು, ಈ ಬೀದಿಯ ಲೈನ್‌ಮ್ಯಾನ್. ಆಗ ಸೋಲಾರ್ ಇರಲಿಲ್ಲ, ಉಳ್ಳವರ ಮನೆಯಲ್ಲಿ ಜನರೇಟರ್ ಇತ್ತು. ಯಜಮಾನರು ಟ್ರಾನ್ಸ್‌ಫಾರ್ಮರಿನಲ್ಲಿ ಕರೆಂಟ್ ತೆಗೆದು ಬಂದು, ಕಬ್ಬಿಣದ ಕಂಬವನ್ನು ಕಟಿಂಗ್ ಪ್ಲೇಯರಿನಿಂದ ಮೂರು ಸಲ ತಟ್ಟುತ್ತಿದ್ದರು. ‘ಕೈ ಇಡ್ತಾ ಇದೀನ್ರೋ!’ ಎಂದು ಕೂಗುತ್ತಿದ್ದರು. ಸ್ವಂತ ಕರೆಂಟ್ ಇರುವ ಒಂದೊಂದು ಮನೆಯಿಂದಲೂ ‘ಆಫ್!’ ಎಂದು ಉತ್ತರ ಬರಬೇಕು. ಬರುವವರೆಗೆ ಏಣಿ ಮುಟ್ಟುತ್ತಿರಲಿಲ್ಲ. ನಾನು ಶಾಲೆಯಲ್ಲಿ ಹಾಜರಿ ಕೂಗಿದರೆ ಅವರು ಬೀದಿಯಲ್ಲಿ ಕೂಗುತ್ತಿದ್ದರು, ಅದಕ್ಕೇ ಜೊತೆಯವರು ಅವರಿಗೆ ‘ಹಾಜರಿ ಮೇಷ್ಟ್ರು’ ಎಂದು ಹೆಸರಿಟ್ಟಿದ್ದರು. ‘ಏನ್ರೀ, ಇಷ್ಟು ಹೊತ್ತು ಬಿಸಿಲಲ್ಲಿ ನಿಂತು ಕೂಗ್ತೀರಲ್ಲ’ ಅಂದರೆ, ‘ಉತ್ತರ ಬರ್ಲಿ ಬಿಡೇ, ಕಂಬ ಎಲ್ಲಿಗೆ ಓಡಿ ಹೋಗತ್ತೆ’ ಅನ್ನುತ್ತಿದ್ದರು.

ಒಂದು ದಿನ ಎಲ್ಲ ಮನೆಗಳಿಂದಲೂ ಉತ್ತರ ಬಂತು. ಅವರು ಹತ್ತಿದರು. ಆಮೇಲಿನದು ನಿಮಗೆ ಗೊತ್ತು. ಉತ್ತರ ಬಂದಿತ್ತು, ಆದರೆ ಒಂದು ಮನೆಯಲ್ಲಿ ಜನರೇಟರನ್ನು ಯಾರೂ ಆಫ್ ಮಾಡಿರಲಿಲ್ಲ.

ನಾನು ಶಾಲೆಯಿಂದ ಓಡಿ ಬರುವಷ್ಟರಲ್ಲಿ ಅವರನ್ನು ಕೆಳಗಿಳಿಸುತ್ತಿದ್ದರು. ನನ್ನ ಬೆನ್ನ ಹಿಂದೆ, ಯಾವುದೋ ಮನೆಯೊಳಗೆ, ಒಂದು ಮಿಕ್ಸಿ ತಿರುಗುತ್ತಿತ್ತು. ಇಡೀ ಬೀದಿಗೆ ಕರೆಂಟಿಲ್ಲ, ಮಿಕ್ಸಿ ತಿರುಗುತ್ತಿದೆ. ಯಾರ ಮನೆ ಎಂದು ನಾನು ತಿರುಗಿ ನೋಡಲಿಲ್ಲ. ಮಗಳು ನನ್ನ ಸೊಂಟದೆತ್ತರವೂ ಇರಲಿಲ್ಲ, ಅವಳನ್ನು ಇದೇ ಬೀದಿಯಲ್ಲಿ ಬೆಳೆಸಬೇಕಿತ್ತು. ಒಂದು ಮನೆಯನ್ನು ದಿನಾ ದ್ವೇಷಿಸುತ್ತಾ ಅದರ ಮುಂದೆಯೇ ಓಡಾಡುವ ಶಕ್ತಿ ನನಗಿರಲಿಲ್ಲ. ಆಮೇಲೆ ವಿಚಾರಣೆ ನಡೆಯಿತು. ಎಲ್ಲರೂ ಆಫ್ ಮಾಡಿದ್ದೆವು ಅಂದರು. ನಾನೂ ತಲೆಯಾಡಿಸಿದೆ.

ಈ ಸಂದರ್ಭದಲ್ಲಿ ಅಧ್ಯಕ್ಷರನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ಅವರ ಹಾರ್ಡ್‌ವೇರ್ ಅಂಗಡಿಗೆ ಹೋಗದವರು ಈ ಬೀದಿಯಲ್ಲಿ ಯಾರಿದ್ದಾರೆ? ಯಜಮಾನರು ಹೋದ ಮೇಲೆ ಅವರು ನನಗೆ ಒಡಹುಟ್ಟಿದ ತಮ್ಮನಂತೆ ನಿಂತರು. ಮಗಳನ್ನು ಕಾಲೇಜಿಗೆ ಸೇರಿಸಲು ಓಡಾಡಿದವರು ಅವರು. ಪ್ಯಾನೆಲ್ ತರಿಸಿ, ಹತ್ತಿರ ನಿಂತು ಹಾಕಿಸಿಕೊಟ್ಟವರು ಅವರು. ಆದರೆ ಎಷ್ಟು ಕರೆದರೂ ಹೊಸ್ತಿಲು ದಾಟಿ ಒಳಗೆ ಬಂದವರಲ್ಲ. ‘ಬಾರೋ ತಮ್ಮಾ, ಒಂದು ಲೋಟ ನೀರಾದರೂ ಕುಡಿ’ ಅಂದರೆ, ‘ಇರ್ಲಿ ಅಕ್ಕಾ, ಇಲ್ಲೇ ಸರಿ’ ಎಂದು ಜಗುಲಿಯಲ್ಲೇ ನಿಂತುಬಿಡುತ್ತಿದ್ದರು. ಒಳಗಿನ ಗೋಡೆಯಲ್ಲಿ ಯಜಮಾನರ ಫೋಟೋ ಇದೆ. ಅಂಥ ಸಂಕೋಚದ ಸ್ವಭಾವ ಅವರದು.

ವಿಷಯಕ್ಕೆ ಬರುತ್ತೇನೆ. ಪ್ಯಾನೆಲ್ ಬಂದ ಮೇಲೆ ನನ್ನ ಮನೆಯಲ್ಲಿ ಒಂದು ವಿಚಿತ್ರ ಶುರುವಾಯಿತು. ಹಾಡಹಗಲಲ್ಲಿ ಕರೆಂಟ್ ಹೋದರೆ, ಕಾರು ನಿಲ್ಲಿಸುವ ಜಾಗದಲ್ಲಿರುವ ಚಾರ್ಜರ್ ಪೆಟ್ಟಿಗೆಯೊಳಗಿಂದ ಸದ್ದು ಬರುತ್ತದೆ. ಟಣ್, ಟಣ್, ಟಣ್. ಪ್ಲಾಸ್ಟಿಕ್ ಪೆಟ್ಟಿಗೆ, ಸದ್ದು ಮಾತ್ರ ಕಬ್ಬಿಣದ್ದು. ಆಮೇಲೆ ಲೈನಿಗೆ ಕರೆಂಟ್ ಬಂದರೂ ನನ್ನ ಸೋಲಾರ್ ಏಳುವುದಿಲ್ಲ. ನಾನು ಹೋಗಿ ನಿಂತು, ‘ಆಫ್ ಇತ್ತು ರೀ’ ಅಂದರೆ ಹಸಿರು ದೀಪ ಹತ್ತುತ್ತದೆ. ನಗಬೇಡಿ. ಕಂಪನಿಯ ರಿಪೇರಿಯವನೂ ಹೀಗೇ ನಕ್ಕ. ‘ಒಳಗೆ ಎಲ್ಲೋ ಸ್ಕ್ರೂ ಸಡಿಲ ಆಗಿದೆ ಮೇಡಂ’ ಅಂದ. ಪೆಟ್ಟಿಗೆಯದ್ದೋ ನನ್ನದೋ ಹೇಳಲಿಲ್ಲ. ಅವನು ಮುಚ್ಚಳ ಬಿಚ್ಚಿದಾಗಲೇ ಕರೆಂಟ್ ಹೋಯಿತು, ಸದ್ದು ಬಂತು. ಮುಚ್ಚಳ ಅವನ ಕೈಯಲ್ಲೇ ಇತ್ತು, ಒಳಗೆ ಅಲುಗಾಡುವಂಥದ್ದು ಏನೂ ಇರಲಿಲ್ಲ. ‘ಆಫ್ ಇದೆ ಸಾರ್’ ಎಂದು ಅವನೇ ಉತ್ತರ ಕೊಟ್ಟು ಹೋದ. ಅವನ ಏಣಿ ಇನ್ನೂ ನಮ್ಮ ಮನೆಯಲ್ಲಿದೆ, ತೆಗೆದುಕೊಂಡು ಹೋಗಲು ಬರುವುದೇ ಇಲ್ಲ.

ನನಗೆ ಹೆದರಿಕೆಯಾಗಲಿಲ್ಲವೇ? ಆಯಿತು. ಆಮೇಲೆ ಸಿಟ್ಟು ಬಂತು. ಇಷ್ಟು ವರ್ಷ ನಾನು ಒಬ್ಬಳೇ ಇದ್ದೆ, ಯಜಮಾನರು ಒಮ್ಮೆಯೂ ವಿಚಾರಿಸಲು ಬರಲಿಲ್ಲ, ಪ್ಯಾನೆಲ್ ಹಾಕಿಸಿದ ಕೂಡಲೇ ಬಂದರಲ್ಲ! ಆಮೇಲೆ ಅರ್ಥವಾಯಿತು. ಸ್ವಂತ ಕರೆಂಟ್ ಇರುವ ಮನೆಯನ್ನು ಮಾತ್ರ ಅವರು ಕೇಳುವುದು. ಈಗ ನಮ್ಮ ಬೀದಿಯಲ್ಲಿ ಅಂಥ ಮನೆಗಳು ಬಹಳ ಆಗಿವೆ. ನಿಮ್ಮಲ್ಲಿ ಕೆಲವರು ಈಗ ನಗುತ್ತಿಲ್ಲ ಎಂಬುದನ್ನು ಗಮನಿಸಿದ್ದೇನೆ. ಕಂಪೌಂಡರ್ ಮನೆಯವರು ತಲೆ ತಗ್ಗಿಸಿದ್ದಾರೆ. ನಿಮ್ಮ ಮನೆಯಲ್ಲೂ ಕೇಳಿದೆಯಾ?

ಇದನ್ನೆಲ್ಲ ಇವತ್ತು ಹೇಳಬೇಕೆಂದು ನಾನು ಬಂದಿರಲಿಲ್ಲ. ಆದರೆ ಸ್ವಾಗತ ಭಾಷಣದಲ್ಲಿ ಅಧ್ಯಕ್ಷರು ಒಂದು ಮಾತು ಹೇಳಿದರು, ನೀವು ಚಪ್ಪಾಳೆಯನ್ನೂ ತಟ್ಟಿದಿರಿ. ‘ಕರೆಂಟ್ ಹೋದಾಗ ನೀವೆಲ್ಲ ಬೆವರು ಒರೆಸ್ಕೊಳ್ತಾ ಕೂತಿರ್ತೀರ, ನಮ್ಮನೇಲಿ ಫ್ರಿಜ್ಜೂ ನಿಲ್ಲಲ್ಲ. ಹೊಸ ಕಾರಲ್ಲಿ ಕರೆಂಟ್ ಕೊಡೋ ಪಾಯಿಂಟ್ ಇದೆ. ಅಲ್ಲಿಂದ ಒಂದು ವೈರು, ಗೋಡೆಗೆ ಒಂದು ಚುಚ್ಚು, ಮುಗೀತು. ಇವತ್ತೂ ಕರೆಂಟ್ ಹೋದ್ರೆ ಚುಚ್ಚು ಅಂತ ಸೊಸೆಗೆ ಹೇಳಿ ಬಂದಿದೀನಿ. ಊಟ ಆದ್ಮೇಲೆ ಎಲ್ರಿಗೂ ತೋರಿಸ್ತೀನಿ.’ ಹೀಗೆಂದರು.

ಎರಡೂ ತುದಿಗೆ ಪ್ಲಗ್ ಇರುವ ವೈರು ಅದು. ಗೋಡೆಯಿಂದ ಕರೆಂಟ್ ತೆಗೆದುಕೊಳ್ಳುವ ಬದಲು ಗೋಡೆಗೇ ಕರೆಂಟ್ ಕೊಡುತ್ತದೆ. ಮೇನ್ ಸ್ವಿಚ್ ಇಳಿಸಿದ್ದರೆ ಮನೆಯೊಳಗೇ ಉಳಿಯುತ್ತದೆ. ಮರೆತಿದ್ದರೆ ಮೀಟರ್ ದಾಟಿ ಹೊರಗೆ ಹೋಗಿ ಕಂಬ ಹತ್ತುತ್ತದೆ. ಮೇನ್ ಸ್ವಿಚ್ಚಿನ ಮಾತನ್ನು ಅಧ್ಯಕ್ಷರು ಹೇಳಲಿಲ್ಲ. ಸೊಸೆಗಾದರೂ ಹೇಳಿದ್ದಾರೆಯೇ ಎಂದು ನಾನು ಆಗಿನಿಂದ ಯೋಚಿಸುತ್ತಿದ್ದೇನೆ. ಯಾಕೆಂದರೆ ಇವತ್ತು ಹೊಸ ಚಾರ್ಜಿಂಗ್ ಸ್ಟ್ಯಾಂಡಿಗೆ ಲೈನ್ ಜೋಡಿಸಲು ಕಂಬ ಹತ್ತುವವಳು ನನ್ನ ಮಗಳು. ಅಪ್ಪನ ಕೆಲಸಕ್ಕೇ ಸೇರುತ್ತೇನೆ ಅಂದಾಗ ಅವಳ ಜೊತೆ ಮಾತು ಬಿಟ್ಟಿದ್ದೆ. ‘ಯಾರಾದ್ರೂ ಹತ್ತಲೇಬೇಕಲ್ಲಮ್ಮ’ ಅಂದಳು.

ಓ, ಫ್ಯಾನ್ ನಿಂತವು. ಮೈಕೂ ಹೋಯಿತು. ಪರವಾಗಿಲ್ಲ, ನನ್ನ ಗಂಟಲಿಗೆ ಯಾವತ್ತೂ ಮೈಕ್ ಬೇಕಾಗಿಲ್ಲ. ಮಗಳು ಕರೆಂಟ್ ತೆಗೆದಿದ್ದಾಳೆ, ಅಷ್ಟೆ. ಅಪ್ಪನ ಪದ್ಧತಿಯನ್ನು ಅವಳೂ ಬಿಟ್ಟಿಲ್ಲ. ಈಗ ಕಂಬ ತಟ್ಟುತ್ತಾಳೆ, ಕೇಳಿ.

ಕೇಳಿತಲ್ಲ? ಮೂರು ಸಲ. ಹಿಂದಿನ ಸಾಲಿಗೂ ಕೇಳಿತು ತಾನೇ? ಸರಿ, ಹಾಜರಿ ಕೂಗುತ್ತೇನೆ. ಮನೆಯಲ್ಲಿ ಯಾರಾದರೂ ಇದ್ದರೆ ಫೋನ್ ಮಾಡಿ, ಕೇಳಿ ತಿಳಿದು ಹೇಳಿ. ಬೇಕರಿ ಮನೆ? ಆಫ್. ಕಂಪೌಂಡರ್ ಮನೆ? ಆಫ್. ಟೈಲರ್ ಮನೆ? ಗಟ್ಟಿಯಾಗಿ ಹೇಳಮ್ಮ. ಆಫ್. ಮೂಲೆ ಮನೆ? ಆಫ್. ನನ್ನದು ಆಫ್. ಅಧ್ಯಕ್ಷರ ಮನೆ?

ಅಧ್ಯಕ್ಷರೇ?

ತಡೆಯಿರಿ, ಬಾಗಿಲಲ್ಲಿ ಯಾರದು? ನೀನಾ ಮಗಳೇ? ಕಂಬ ಬಿಟ್ಟು ಇಲ್ಲೇಕೆ ಬಂದೆ? ಏನಂದೆ? ಜನವೆಲ್ಲ ಸಭೆಯಲ್ಲಿದ್ದಾರೆ, ಇಲ್ಲೇ ಬಂದು ಕೇಳೋಣ ಅಂತ ಟ್ರಾನ್ಸ್‌ಫಾರ್ಮರಿನಿಂದ ನೇರ ಬಂದೆಯಾ? ಹಾಗಾದರೆ ಕಂಬದ ಹತ್ತಿರ ಇನ್ನೂ ಹೋಗೇ ಇಲ್ಲವಾ?

ಯಾರೂ ಏಳಬೇಡಿ. ಮುಖ್ಯ ಅತಿಥಿಗಳೇ, ದಯವಿಟ್ಟು ಕುಳಿತುಕೊಳ್ಳಿ. ಯಜಮಾನರು ಯಾರಿಗೂ ಕೆಟ್ಟದ್ದು ಮಾಡಿದವರಲ್ಲ. ಉತ್ತರ ಬೇಕು, ಅಷ್ಟೆ. ನೋಡಿ, ಮತ್ತೆ ತಟ್ಟಿದರು. ಈ ಸಲ ಹತ್ತಿರದಲ್ಲೇ, ಈ ಸಭಾಂಗಣದ ಕಿಟಕಿಯ ಸರಳಿಗೆ.

ಸ್ವಲ್ಪ ಮೌನವಾಗಿರಿ. ಇನ್ನೊಂದು ಸದ್ದು ಕೇಳುತ್ತಿದೆ. ನಿಮಗೂ ಕೇಳುತ್ತಿದೆಯಾ? ನನ್ನ ಬೆನ್ನ ಹಿಂದೆ, ರಸ್ತೆಯ ಆಚೆ. ಬೀದಿಗೆಲ್ಲ ಕರೆಂಟಿಲ್ಲ, ಒಂದು ಮನೆಯಲ್ಲಿ ಮಿಕ್ಸಿ ತಿರುಗುತ್ತಿದೆ.

ಆವತ್ತು ನಾನು ತಿರುಗಿ ನೋಡಲಿಲ್ಲ. ಇವತ್ತು ನೋಡುತ್ತೇನೆ.

ತಮ್ಮಾ, ಬಾಯಿ ತೆರೆಯಬೇಡ. ಆಫ್ ಎಂದು ಇಲ್ಲಿ ಕುಳಿತು ಹೇಳಬೇಡ. ಮೊದಲು ಹೋಗಿ ತೆಗೆ, ಆಮೇಲೆ ಬಂದು ಹೇಳು. ದಾರಿ ಬಿಡಿ ಅವನಿಗೆ. ಮಗಳೇ, ನೀನು ಇಲ್ಲೇ ನನ್ನ ಪಕ್ಕ ನಿಂತುಕೋ.

ಅವನು ಬರುವವರೆಗೆ ಸೋಲಾರ್ ಬಗ್ಗೆ ಯಾರಿಗಾದರೂ ಪ್ರಶ್ನೆಗಳಿದ್ದರೆ ಕೇಳಬಹುದು. ಇಲ್ಲವೇ? ಪ್ಯಾನೆಲ್ ಮೇಲಿನ ಧೂಳನ್ನು ಆಗಾಗ ಒರೆಸುತ್ತಿರಬೇಕು. ಬಿಸಿಯಿದ್ದಾಗ ತಣ್ಣೀರು ಸುರಿಯಬಾರದು. ಇದನ್ನು ಹೇಳಲು ಮರೆತಿದ್ದೆ.

ಮಿಕ್ಸಿ ನಿಂತಿತು.

ಬಂದೆಯಾ? ಕೈಯಲ್ಲಿರುವುದನ್ನು ಈ ಮೇಜಿನ ಮೇಲಿಡು. ಇದೇ ಆ ವೈರು. ಎರಡೂ ಕಡೆ ಪ್ಲಗ್ಗು. ಆದರೆ ಇದಕ್ಕೆ ಬಟ್ಟೆಯ ಹೊದಿಕೆ ಇದೆ ತಮ್ಮಾ, ಈಗಿನ ವೈರುಗಳಿಗೆ ಬಟ್ಟೆ ಇರುವುದಿಲ್ಲ. ಇಲ್ಲಿ ಸುಟ್ಟು ಕಪ್ಪಾಗಿದೆ, ಆ ಕಪ್ಪಿನ ಮೇಲೆ ಹಳೆಯ ಟೇಪು ಸುತ್ತಿದೆ. ಇದು ಹೊಸ ಕಾರಿನ ಜೊತೆ ಬಂದದ್ದಲ್ಲ. ನಿಮ್ಮ ಮನೆಯ ಆವತ್ತಿನ ಜನರೇಟರಿನದ್ದು.

ಅಳಬೇಡ. ಹೊಸ್ತಿಲಾಚೆ ನಿಂತು ಇಷ್ಟು ವರ್ಷ ಅತ್ತದ್ದು ಸಾಕು. ನನಗೆ ಏನನಿಸುತ್ತಿದೆ ಎಂದು ನನಗೇ ಇನ್ನೂ ಗೊತ್ತಾಗುತ್ತಿಲ್ಲ, ಅದನ್ನು ಆಮೇಲೆ ನೋಡೋಣ. ಈಗ ನೀನು ಕೊಡಬೇಕಾದ ಉತ್ತರ ಒಂದೇ. ನನಗಲ್ಲ, ಕಿಟಕಿಯ ಕಡೆ ತಿರುಗಿ ಹೇಳು. ಜೋರಾಗಿ. ಹೊರಗೆ ಕೇಳಬೇಕು.

ಕೇಳಿತು. ಸದ್ದು ನಿಂತಿತು, ನೋಡಿದಿರಾ? ಇನ್ನು ಕಂಬ ಹತ್ತು ಮಗಳೇ. ಎಲ್ಲ ಮನೆಯವರೂ ಹೇಳಿದರು.

ಮಾತಾಡಲು ಕರೆದ ಸಂಘಕ್ಕೂ, ಹಾಜರಿ ಹೇಳಿದ ನಿಮ್ಮೆಲ್ಲರಿಗೂ, ಹೊರಗೆ ಇನ್ನೂ ಬಿಸಿಲಲ್ಲಿ ನಿಂತಿರುವವರಿಗೂ ನನ್ನ ವಂದನೆಗಳು. ಕರೆಂಟ್ ಬಂದ ಮೇಲೆ ಊಟ. ನಮಸ್ಕಾರ.