ಹನ್ನೊಂದು ಜನಕ್ಕೆ ಹನ್ನೊಂದು ಸ್ಟೂಲು

ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡಿ ಬಂದ ಆಕೆ ಸಂಜೆಯ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ಕಣ್ಣು ಮುಚ್ಚಿದ್ದಳು. ಮುಂದಿನ ಸೀಟಿನಲ್ಲಿದ್ದ ಅತ್ತಿಗೆ ನಾದಿನಿಯರ ಮಾತು ಕಿವಿಗೆ ಬಿದ್ದು ನಿದ್ದೆ ಹಾರಿಹೋಯಿತು.

"ಹೌದಾ ಅತ್ತಿಗೆ, ಬಟ್ಟೆ ಅಂಗಡೀಲಿ ನಿಮಗೆಲ್ಲ ಸ್ಟೂಲು ಕೊಟ್ರಂತೆ?"

"ಹನ್ನೊಂದು ಜನಕ್ಕೆ ಹನ್ನೊಂದು ಸ್ಟೂಲು ಕಣೇ! ಗಿರಾಕಿ ಇಲ್ಲದಾಗ ಮಹಾರಾಣಿಯರ ಹಾಗೆ ಕೂತಿರ್ತೀವಿ."

"ಸಾಹುಕಾರ್ರು ತಾವಾಗೇ ಕೊಟ್ರಾ?"

"ಅವರೆಲ್ಲಿ ಕೊಡ್ತಾರೆ! ಭಾನುವಾರ ಲೈಬ್ರರೀಲಿ ವಕೀಲಮ್ಮ ನಮ್ಮಂಥೋರಿಗೆ ಪಾಠ ಹೇಳ್ತಾರಲ್ಲ, ಅಲ್ಲೇ ಗೊತ್ತಾಗಿದ್ದು. ಕೆಲಸದೋರಿಗೆ ಕೂರೋಕೆ ಜಾಗ ಕೊಡಬೇಕು ಅಂತ ಕಾನೂನೇ ಇದೆಯಂತೆ. ಬಡವರಿಗೆ ನಿಲ್ಲೋದೇ ಹಣೆಬರಹ ಅಂದ್ಕೊಂಡಿದ್ದೆ ನಾನು."

"ಕೇಳೋವಾಗ ಭಯ ಆಗ್ಲಿಲ್ವಾ?"

"ಆಗದೇ ಇರುತ್ತಾ! ಕೆಲಸ ಹೋದ್ರೆ ಮಕ್ಕಳ ಗತಿ ಏನು ಅಂತ. ಹಿಂದೆ ತಿರುಗಿ ನೋಡ್ತೀನಿ, ಉಳಿದ ಹತ್ತೂ ಜನ ಬಂದು ನಿಂತಿದ್ದಾರೆ!"

"ಸಾಹುಕಾರ್ರು ಏನಂದ್ರು?"

"'ಕೂತ್ಕೊಂಡ್ರೆ ವ್ಯಾಪಾರ ಆಗುತ್ತೇನ್ರಮ್ಮಾ?' ಅಂದ್ರು. 'ನೀವು ಇಪ್ಪತ್ತು ವರ್ಷದಿಂದ ಕೂತೇ ಮಾಡ್ತಿದ್ದೀರಲ್ಲ ಸಾರ್' ಅಂದ್ಬಿಟ್ಟೆ. ಅವರಿಗೇ ನಗು ಬಂತು."

ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಈ ಭಾನುವಾರ ನಾನೂ ಬರ್ತೀನಿ ಅತ್ತಿಗೆ. ನಮ್ಮ ಚಪ್ಪಲಿ ಅಂಗಡೀಲಿ ಗಿರಾಕಿಗೆ ಮಾತ್ರ ಕುರ್ಚಿ."

ಅಷ್ಟರಲ್ಲಿ ಅವರ ಸ್ಟಾಪು ಬಂತು. ಇಬ್ಬರೂ ನಗುತ್ತಲೇ ಇಳಿದರು. ಔಷಧಿ ಅಂಗಡಿಯಾಕೆ ತಡೆಯಲಾರದೆ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಅಕ್ಕಾ, ಆ ಲೈಬ್ರರಿ ಎಲ್ಲಿದೆ?"

"ಇದೇ ಸ್ಟಾಪು, ಹತ್ತು ಗಂಟೆಗೆ!" ಹೊರಟ ಬಸ್ಸಿನ ಜೊತೆಗೇ ನಾಲ್ಕು ಹೆಜ್ಜೆ ಓಡುತ್ತಾ ಅತ್ತಿಗೆ ಕೂಗಿದಳು. "ಒಬ್ಬರೇ ಬರಬೇಡಿ, ಜೊತೆಯೋರನ್ನೂ ಕರ್ಕೊಂಡು ಬನ್ನಿ!"