ಈ ತಿಂಗಳು ಯಾರ ಮನೆ?

ದೊಡ್ಡ ದೀಪ ಆರಿಸಿ. ಮೂಲೆಯದು ಒಂದಿರಲಿ. ಮಕ್ಕಳು ಮಲಗಿದರಾ? ಸರಿ... ಕೇಳಿ. ಇದು ನನ್ನ ಚಿಕ್ಕಪ್ಪನ ಮಗಳಿಗೆ ಆದದ್ದು. ಮನೆಮಂದಿಯೆಲ್ಲ ಅವಳನ್ನು ಗುಬ್ಬಿ ಅನ್ನುತ್ತೇವೆ. ಒಂದಕ್ಕೆರಡು ಸೇರಿಸಿ ಹೇಳುವ ಜಾಯಮಾನ ನನ್ನದಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಅವತ್ತು ಗುಬ್ಬಿ ಕೆಲಸ ಮುಗಿಸಿ ಹೊರಟಾಗ ಬೀದಿಯ ಅಂಗಡಿಗಳೆಲ್ಲ ಬಾಗಿಲು ಎಳೆದಾಗಿತ್ತು. ಅವಳ ಮನೆಯ ದಾರಿಯಲ್ಲಿ ಒಂದು ಹಳೇ ಬಾವಿ ಇದೆ. ನೀರಿಲ್ಲ. ಮೇಲೆ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿದಿದ್ದಾರೆ. ಅದನ್ನು ದಾಟುವಾಗ ಸದ್ದು ಕೇಳಿಸಿತು.

ಗರ್... ಗರ್... ಗರ್ರ್...

ನಾಯಿ ಗುರುಗುಟ್ಟಿದ್ದಲ್ಲ. ಕಲ್ಲಿನ ಮೇಲೆ ಕಲ್ಲು ತಿರುಗುವ ಸದ್ದು. ಪ್ರತಿ ಸುತ್ತಿಗೂ ಒಂದು ಕಡೆ 'ಟಕ್' ಅಂತ ಎಡವುತ್ತಿತ್ತು. ಬಾವಿಯೊಳಗಿಂದ ಬಂತೇನೋ ಅಂದುಕೊಂಡು ಜಾಲರಿಗೆ ಕಿವಿ ಕೊಟ್ಟಳು. ಅಲ್ಲಿ ಏನೂ ಇಲ್ಲ. ಸದ್ದು ಬರುತ್ತಿದ್ದದ್ದು... ಅವಳ ಹೆಗಲ ಚೀಲದಿಂದ.

ಫೋನ್ ಹೊರಗೆ ತೆಗೆದಳು. ಚಾರ್ಜ್ ಮುಗಿದು ಸಂಜೆಯೇ ಆರಿಹೋಗಿದ್ದ ಫೋನು. ಅಂಗೈಯಲ್ಲಿ ಹಿಡಿದರೆ ತಣ್ಣಗಿತ್ತು. ಸಣ್ಣಗೆ ಅದುರುತ್ತಿತ್ತು.

ಆ ಸದ್ದು ಯಾವುದರದ್ದು ಅಂತ ಅವಳಿಗೆ ಗೊತ್ತಾಯಿತು. ಗೊತ್ತಾದದ್ದಕ್ಕೇ ಎದೆ ಧಸಕ್ಕೆಂದದ್ದು. ಯಾಕೆಂದರೆ ಆ ವಸ್ತುವಿಗೆ ಇನ್ನೂ ಯಾರೂ ಸದ್ದೇ ಕೊಟ್ಟಿರಲಿಲ್ಲ.

ಗುಬ್ಬಿಯ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಮ್ಯೂಸಿಯಂನ ವಸ್ತುವನ್ನು ತಿರುಗುವ ಮಣೆಯ ಮೇಲಿಟ್ಟು ಎಲ್ಲ ಕಡೆಯಿಂದಲೂ ಫೋಟೋ ತೆಗೆಯುವುದು. ಆ ಫೋಟೋಗಳನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸಿ ಒಂದು ಆಕಾರ ಮಾಡುವುದು. ಆಮೇಲೆ ಯಾರು ಬೇಕಾದರೂ ಮನೆಯಲ್ಲಿ ಕೂತು ಆ ವಸ್ತುವನ್ನು ಬೆರಳಿನಿಂದ ತಿರುಗಿಸಿ ನೋಡಬಹುದು. ವರ್ಚುವಲ್ ಮ್ಯೂಸಿಯಂ ಅನ್ನುತ್ತಾರೆ. ನದಿಯ ಈಚೆಗೆ ಒಂದು ದೇಶ, ಆಚೆಗೆ ಒಂದು ದೇಶ. ಹಿಂದೆ ಎರಡೂ ಒಂದೇ ಆಗಿದ್ದವು. ಈಗ ಸೇತುವೆಯ ಎರಡು ತುದಿಗೂ ಗೇಟು, ನಡುವೆ ಕಾಯುವವರಿಗೊಂದು ತಗಡಿನ ಕೋಣೆ. ಜನ ದಾಟಬೇಕಾದರೆ ಹತ್ತು ಜನರ ಸಹಿ ಬೇಕು. ಪರಂಪರೆಯಾದರೂ ಪುಕ್ಕಟೆ ದಾಟಲಿ ಅಂತ ಎರಡು ಸರ್ಕಾರಗಳೂ ಸೇರಿ ಈ ಮ್ಯೂಸಿಯಂ ಮಾಡಿಸಿದ್ದವು.

ಉದ್ಘಾಟನೆಗೆ ಆರಿಸಿದ್ದು ಒಂದು ಬೀಸುವ ಕಲ್ಲು. ಕೆಳಗಿನ ಕಲ್ಲು ಈಚೆಯ ಮ್ಯೂಸಿಯಂನಲ್ಲಿ, ಮೇಲಿನದು ಆಚೆಯದರಲ್ಲಿ. ಎರಡನ್ನೂ ಪರದೆಯ ಮೇಲೆ ಕೂಡಿಸಿ ತಿರುಗಿಸಬೇಕು. ಎರಡು ಕಡೆಯ ಮಂತ್ರಿಗಳೂ ಒಂದೇ ಹೊತ್ತಿಗೆ ಬೆರಳಿಡುವುದು, ಸಭೆ ಚಪ್ಪಾಳೆ ತಟ್ಟುವುದು. ಸದ್ದೊಂದು ಬಾಕಿ ಇತ್ತು. ಯಾವ ದೇಶದ ಕಲ್ಲಿನ ಸದ್ದು ಹಾಕಬೇಕು ಅಂತ ಎರಡು ಸಮಿತಿಗಳೂ ಜುಟ್ಟು ಹಿಡಿದುಕೊಂಡು, ಕಲ್ಲು ಮೂಕವಾಗಿಯೇ ಉಳಿದಿತ್ತು.

ಕೆಳಗಿನ ಕಲ್ಲಿನ ಗೀರುಗಳಲ್ಲಿ ಬೆಳ್ಳಗೆ ಏನೋ ಕಚ್ಚಿಕೊಂಡಿತ್ತು. ಹಳೇ ಹಿಟ್ಟು. ಯಾರೋ ಕಡೆಯ ಸಲ ಬೀಸಿದ್ದು, ಗಟ್ಟಿಯಾಗಿ ಕಲ್ಲೇ ಆಗಿಹೋಗಿತ್ತು. ಇಂಥದ್ದು ಕ್ಯಾಮೆರಾಗೆ ಸರಿಯಾಗಿ ಸಿಗುವುದಿಲ್ಲ, ಪರದೆಯ ಮೇಲೆ ಚುಕ್ಕಿಚುಕ್ಕಿಯಾಗಿ ಹಾರಾಡುತ್ತದೆ. ಆ ಕೆಲಸದವರು ಅದನ್ನು ಕಸ ಅನ್ನುತ್ತಾರೆ. ಗುಬ್ಬಿ ಯಾವಾಗಲೂ ಮಾಡುವಂತೆಯೇ ಮಾಡಿದಳು. ಕಸವನ್ನೆಲ್ಲ ಆರಿಸಿ ಆರಿಸಿ ಅಳಿಸಿದಳು. ಪರದೆಯ ಮೇಲಿನ ಕಲ್ಲು ತೊಳೆದಿಟ್ಟ ಹಾಗಾಯಿತು.

ಅದನ್ನು ನೋಡಿದ ಆಚೆಯ ಮ್ಯೂಸಿಯಂನ ಮೇಲ್ವಿಚಾರಕ ವಿಡಿಯೋ ಕರೆಯಲ್ಲಿ ಬಂದ. ನಿವೃತ್ತಿಯ ಅಂಚಿನಲ್ಲಿದ್ದ ಮನುಷ್ಯ.

"ಹಿಟ್ಟು ಎಲ್ಲಮ್ಮಾ?"

"ಅಳಿಸಿದೆ ಸಾರ್. ಕ್ಲೀನ್ ಆಗಿ ಕಾಣ್ಲಿ ಅಂತ."

ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಆ ಕಲ್ಲಿನ ಕತೆ ನಿಮ್ಮ ಕಡೆ ಯಾರೂ ಹೇಳಿಲ್ವಾ?"

ಕತೆ ಅಂದರೆ ಇಷ್ಟೇ. ಅಣ್ಣತಮ್ಮ ಇಬ್ಬರು ಪಾಲಾದರು. ಒಬ್ಬ ಆಚೆ ಹೋದ, ಒಬ್ಬ ಈಚೆ ಉಳಿದ. ಪಾತ್ರೆ ಹಂಚಿದರು, ಮಂಚ ಹಂಚಿದರು. ಬೀಸುವ ಕಲ್ಲಿಗೆ ಬಂದಾಗ ಇಬ್ಬರೂ ಪಟ್ಟು ಬಿಡಲಿಲ್ಲ. ಮುದುಕಿ ತಾಯಿ ಬೀಸುತ್ತಾ ಕೂತಿದ್ದ ಹಾಗೆಯೇ ದೊಡ್ಡವನು ಮೇಲಿನ ಕಲ್ಲನ್ನು ಎತ್ತಿಕೊಂಡ. ಚಿಕ್ಕವನು ಕೆಳಗಿನದನ್ನು ಎಳೆದುಕೊಂಡ. ಬೀಸಲು ಇಬ್ಬರಿಗೂ ಆಗದು. ನನಗಿಲ್ಲದ್ದು ನಿನಗೂ ಬೇಡ! ಆಮೇಲೆ ತಾಯಿಯನ್ನೂ ಹಂಚಿದರು. ಒಂದು ತಿಂಗಳು ಅವನ ಮನೆ, ಒಂದು ತಿಂಗಳು ಇವನ ಮನೆ. ಒಂದು ಸಲ ಅವನು ನನ್ನ ತಿಂಗಳು ಮುಗಿಯಿತು ಅಂದ, ಇವನು ನನ್ನದಿನ್ನೂ ಶುರುವಾಗಿಲ್ಲ ಅಂದ...

"ಆಮೇಲೆ?" ಅಂದಳು ಗುಬ್ಬಿ.

"ಆಮೇಲಿನದು ಕೇಳಬೇಡ. ಆ ಮನೆಯಲ್ಲಿ ಯಾರ ಪಾಲಿಗೂ ಸೇರದೆ ಅವಳದು ಅಂತ ಉಳಿದದ್ದು ಆ ಒಂದು ಹಿಡಿ ಹಿಟ್ಟು."

"ಇದನ್ನ ವಿವರಣೆಯಲ್ಲಿ ಬರೀಬೇಕಲ್ವಾ ಸಾರ್?"

"ಬರೆದರೆ ನನ್ನ ಪಿಂಚಣಿ ಹೋಗುತ್ತೆ, ನಿನ್ನ ಕೆಲಸ ಹೋಗುತ್ತೆ. 'ಎರಡು ನೆಲಗಳು ಜತನ ಮಾಡಿದ ಒಂದೇ ತಾಯಿಯ ನೆನಪು' ಅಂತ ಬರಿ. ಮಂತ್ರಿಗಳಿಗೆ ಹಿಡಿಸುತ್ತೆ."

ಗುಬ್ಬಿ ಹಾಗೆಯೇ ಬರೆದಳು. ಕೈ ಸ್ವಲ್ಪ ತಡೆಯಿತು. ಯಾಕೆ ಅಂದರೆ... ಅವಳ ಅಮ್ಮನೂ, ಅಂದರೆ ನನ್ನ ಚಿಕ್ಕಮ್ಮನೂ, ಒಂದು ತಿಂಗಳು ಇವಳ ಮನೆಯಲ್ಲಿ, ಒಂದು ತಿಂಗಳು ಸೇತುವೆಯಾಚೆ ಮಗನ ಮನೆಯಲ್ಲಿ ಇದ್ದಳು. ಅವನು ಆಚೆಯ ಹುಡುಗಿಯನ್ನು ಮದುವೆಯಾಗಿ ಅಲ್ಲೇ ನೆಲೆ ನಿಂತವನು.

ಬಾವಿಯ ಹತ್ತಿರ ಸದ್ದು ಕೇಳಿಸಿದ ಆ ರಾತ್ರಿ ಅವಳು ಓಡೋಡಿ ಮನೆಗೆ ಬಂದರೆ ಅಡುಗೆಮನೆಯಲ್ಲಿ ಪಿಸುಮಾತು. ದೀಪ ಹಾಕಿರಲಿಲ್ಲ. ಚಿಕ್ಕಮ್ಮ ಕುರ್ಚಿಯಲ್ಲಿ ಕೂತು ಎದುರಿನ ನೆಲ ನೋಡಿಕೊಂಡು ಮಾತಾಡುತ್ತಿದ್ದಳು.

"ಯಾರ ಜೊತೆಗಮ್ಮಾ?"

"ಶ್... ಮೆಲ್ಲಗೆ. ಈಗ ತಾನೇ ಕೂತ್ಕೊಂಡಿದಾಳೆ. ನಡೆದೂ ನಡೆದೂ ಕಾಲು ನೋವಂತೆ."

"ಯಾರು?"

"ಹೆಸರು ಹೇಳಲ್ಲ. ಬಂದಾಗಿಂದ ಒಂದೇ ಪ್ರಶ್ನೆ. ಈ ತಿಂಗಳು ಯಾರ ಮನೆ... ಈ ತಿಂಗಳು ಯಾರ ಮನೆ... ಮಗಳ ಮನೆ ಕಣಮ್ಮ ಅಂದೆ. ನಕ್ಕಳು."

ಗುಬ್ಬಿ ದೀಪ ಹಾಕಿದಳು. ನೆಲ ಖಾಲಿ. "ವಯಸ್ಸಾಯ್ತು ನಿನಗೆ. ಏನೇನೋ ಕಾಣುತ್ತೆ."

"ಆಸ್ಪತ್ರೆಯಲ್ಲಿ ನರ್ಸಾಗಿ ಆಯಸ್ಸೆಲ್ಲ ರಾತ್ರಿ ಪಾಳಿ ಮಾಡಿದೋಳು ನಾನು. ಇರೋರು ಯಾರು, ಹೋದೋರು ಯಾರು ಅಂತ ನನಗೇ ಹೇಳಿಕೊಡ್ತೀಯೇನೇ? ನಾಡಿ ಹಿಡಿದರೆ ಗೊತ್ತಾಗುತ್ತೆ."

"ಹಾಗಾದ್ರೆ ಇವಳು?"

ಚಿಕ್ಕಮ್ಮ ಯೋಚಿಸಿದಳು. "ನಾಡಿ ಕೊಡಲಿಲ್ಲ," ಅಂದಳು.

ಮಾರನೆಯ ರಾತ್ರಿ ಗುಬ್ಬಿ ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತಿದ್ದಳು. ಮುಟ್ಟದೆಯೇ ಕಲ್ಲು ತಿರುಗಿತು. ಗರ್... ಗರ್... ಟಕ್. ಗರ್... ಗರ್... ಟಕ್. ಬೆನ್ನ ಹಿಂದೆ ಯಾರೋ ಬಗ್ಗಿದ ಹಾಗಾಯಿತು. ಮಂಡಿ ಚಟಕ್ಕೆಂದಿತು. ಪರದೆಯ ಕಪ್ಪು ಅಂಚಿನಲ್ಲಿ ಒಂದು ತಲೆಯ ನೆರಳು. ಇವಳು ತಿರುಗಲಿಲ್ಲ.

"ಒಂದು ಹಿಡಿ ಇತ್ತಲ್ಲ ಮಗಾ... ಒರೆಸಿಬಿಟ್ಟೆಯಾ?"

ಗುಬ್ಬಿ ಪರದೆಯಿಂದ ಕಣ್ಣು ಕೀಳದೆ ಅಂದಳು. "ನಾಳೆ... ನಾಳೆ ಹಾಕ್ತೀನಿ."

ಕಿವಿಯ ಹತ್ತಿರ 'ಲೊಚ್' ಅಂತ ಲೊಚಗುಟ್ಟಿದ ಸದ್ದು. "ನನ್ನ ಮಕ್ಕಳೂ ಹಾಗೇ ಅಂತಿದ್ದರು."

ಬೆಳಿಗ್ಗೆ ಗುಬ್ಬಿ ಈಚೆಯ ಮ್ಯೂಸಿಯಂನ ಮುಖ್ಯಸ್ಥನ ಮುಂದೆ ನಿಂತಳು. ಅಳಿಸಿದ ಹಿಟ್ಟನ್ನು ವಾಪಸ್ ಹಾಕೋಣ ಸಾರ್, ಹಳೇ ಫೋಟೋಗಳಲ್ಲಿ ಇನ್ನೂ ಇದೆ ಅಂದಳು.

"ಯಾವ ಹಿಟ್ಟಮ್ಮಾ? ಈಚೆಯದಾ ಆಚೆಯದಾ? ಸದ್ದಿಗೇ ಎರಡು ಸಮಿತಿ ಕೂತಿದಾವೆ. ಹಿಟ್ಟಿಗೊಂದು ಕೂರಿಸ್ಲಾ? ಆಮೇಲೆ ಉದ್ಘಾಟನೆ ನಿನ್ನ ಮೊಮ್ಮಕ್ಕಳು ಮಾಡಬೇಕಾಗುತ್ತೆ."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಗುಬ್ಬಿಯೂ ನಕ್ಕಳು. ಅವನು ಅತ್ತ ಹೋದ ಮೇಲೆ ಅವಳೇ ಕೂತು ಹಾಕಬಹುದಿತ್ತು, ಕಷ್ಟದ ಕೆಲಸವೇನಲ್ಲ. ಹಾಕಲಿಲ್ಲ. ಉದ್ಘಾಟನೆ ಸುಸೂತ್ರವಾಗಿ ಮುಗಿದರೆ ಕೆಲಸ ಖಾಯಂ ಆಗುವುದಿತ್ತು.

ಸದ್ದು ನಿಲ್ಲಲಿಲ್ಲ. ಹಲ್ಲುಜ್ಜುವಾಗ, ಬಸ್ಸಿನಲ್ಲಿ, ದಿಂಬಿನ ಕೆಳಗೆ. ರಾತ್ರಿಯಿಡೀ ಅಡುಗೆಮನೆಯಲ್ಲಿ ಚಿಕ್ಕಮ್ಮನ ಪಿಸುಪಿಸು. ಅಮ್ಮ ಹೋದರೆ ಆ ಮುದುಕಿಯೂ ಹೋಗುತ್ತಾಳೆ ಅಂತ ಗುಬ್ಬಿಗೆ ಅನ್ನಿಸತೊಡಗಿತು. ಒಮ್ಮೆ ಅನ್ನಿಸಿದ್ದು ತಲೆ ಬಿಟ್ಟು ಇಳಿಯಲಿಲ್ಲ. ಅಣ್ಣನಿಗೆ ಫೋನ್ ಮಾಡಿದಳು.

"ಅಮ್ಮನ್ನ ಈಗಲೇ ಕರ್ಕೊಂಡು ಹೋಗೋ. ನನಗೆ ಕೆಲಸ ಮಾಡೋಕೆ ಆಗ್ತಿಲ್ಲ."

"ನನ್ನ ಪಾಳಿ ಒಂದನೇ ತಾರೀಕಿಂದ."

"ನಾಲ್ಕು ದಿನ ಮೊದಲು ಬಂದರೆ ನಿನ್ನ ಗಂಟೇನು ಹೋಗುತ್ತೆ?"

"ನಾಲ್ಕು ದಿನ ಇಟ್ಕೊಂಡ್ರೆ ನಿನ್ನ ಗಂಟೇನು ಹೋಗುತ್ತೆ?"

"ನಾಳೆ ಬಸ್ ಹತ್ತಿಸ್ತೀನಿ. ಸೇತುವೆ ಹತ್ರ ಬರೋದು ಬಿಡೋದು ನಿನಗೆ ಸೇರಿದ್ದು."

"ಹತ್ತಿಸು ನೋಡೋಣ."

ಅವನು ಬಂದೇ ಬರುತ್ತಾನೆ ಅಂತ ಇವಳು. ಇವಳು ಹತ್ತಿಸಲಾರಳು ಅಂತ ಅವನು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ನೋಡಿ, ಹಟವೂ ಒಂದೇ.

ಉದ್ಘಾಟನೆಯ ದಿನ ಬೆಳಿಗ್ಗೆ ಗುಬ್ಬಿ ಚಿಕ್ಕಮ್ಮನನ್ನು ಬಸ್ಸಿನಲ್ಲಿ ಕೂರಿಸಿದಳು. ಚಿಕ್ಕಮ್ಮ ಕಿಟಕಿಯಿಂದ ಕೇಳಿದಳು. "ಅವಳು ಕೇಳಿದರೆ ಏನಂತ ಹೇಳಲೇ?"

"ಅಣ್ಣನ ಮನೆ ಅನ್ನು."

"ಅವನು ಬರ್ತಾನಾ?"

"ಬರ್ತಾನಮ್ಮ... ಕೂತ್ಕೋ ಸುಮ್ಮನೆ."

ಸಂಜೆ ಸಭೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಲ್ಲಿಯ ಮಂತ್ರಿ ಇಲ್ಲಿ ಬೆರಳಿಟ್ಟ, ಅಲ್ಲಿಯವನು ಅಲ್ಲಿ. ತೊಳೆದಿಟ್ಟಂಥ ಕಲ್ಲು ಪರದೆಯ ಮೇಲೆ ನುಣ್ಣಗೆ, ಸದ್ದಿಲ್ಲದೆ ತಿರುಗಿತು. ಗುಬ್ಬಿಯ ಕಿವಿಗೆ ಮಾತ್ರ ಗರ್... ಗರ್... ಟಕ್. ಒಬ್ಬ ಮಂತ್ರಿ "ನಮ್ಮಿಬ್ಬರ ತಾಯಿ ಒಬ್ಬಳೇ" ಅಂದ. ಚಪ್ಪಾಳೆ ಬಿತ್ತು. ಆ ಚಪ್ಪಾಳೆಯ ನಡುವೆ, ಅಷ್ಟು ದಿನ ಬೆನ್ನು ಹತ್ತಿದ್ದ ಸದ್ದು... ಥಟ್ಟನೆ ನಿಂತಿತು.

ಬೆನ್ನ ಮೇಲಿನ ಮೂಟೆ ಇಳಿಸಿದ ಹಾಗಾಯಿತು ಅಂತ ಗುಬ್ಬಿ ನನಗೆ ಆಮೇಲೆ ಹೇಳಿದಳು. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳಂತೆ.

ಬೆಳಿಗ್ಗೆ ಸೇತುವೆಯ ಕಾವಲುಗಾರನ ಫೋನ್ ಬಂತು. ಚಿಕ್ಕಮ್ಮ ತನ್ನ ತಿಂಗಳ ಚೀಟಿ ತೋರಿಸಿ ಈಚೆಯ ಗೇಟು ದಾಟಿದ್ದಳು. ಆಚೆಯ ಗೇಟಿನಲ್ಲಿ ಕರೆದೊಯ್ಯುವವರು ಇಲ್ಲದೆ ಬಿಡಲಿಲ್ಲ. ಈಚೆಗೆ ಮರಳಲು ಬೇರೆ ಚೀಟಿ ಬೇಕಂತೆ. ಕತ್ತಲಾದ ಮೇಲೆ ಎರಡು ಗೇಟೂ ಮುಚ್ಚಿದವು. ತಗಡಿನ ಕೋಣೆಯ ಬೆಂಚಿನ ಮೇಲೆ ಕೂತಲ್ಲೇ ಹೋಗಿದ್ದಳು. ಚಳಿ ಅಂದರು ಡಾಕ್ಟರು.

ದೇಹವನ್ನು ಯಾವ ಕಡೆಗೆ ಕಳಿಸಬೇಕು ಅಂತ ಅಧಿಕಾರಿ ಕೇಳಿದ. ಮಗನೂ ಮಗಳೂ ಒಟ್ಟಿಗೇ "ನಮ್ಮ ಮನೆಗೆ" ಅಂದರು. ಅದಕ್ಕೂ ಒಂದು ಗಂಟೆ ಜಗಳವಾಯಿತು.

ಕೊನೆಗೆ ಈಚೆಗೇ ತಂದರು. ಸ್ನಾನ ಮಾಡಿಸಲು ನನ್ನನ್ನು ಕರೆದರು. ತಾರೀಕು, ವಾರ, ಅಲ್ಲಿ ಯಾರು ಯಾರಿದ್ದರು ಅನ್ನುವುದನ್ನೆಲ್ಲ ನಾನು ಅವತ್ತೇ ಬರೆದಿಟ್ಟಿದ್ದೇನೆ. ಚಿಕ್ಕಮ್ಮನ ಬಲಗೈ ಹೆಗಲಿಂದ ಮೇಲಕ್ಕೆ ಏಳುತ್ತಿರಲಿಲ್ಲ, ವರ್ಷಗಳಿಂದ. ತಲೆ ಬಾಚುತ್ತಿದ್ದವಳು ಗುಬ್ಬಿ. ಅವತ್ತು ಅವಸರದಲ್ಲಿ ಬಾಚದೆ ಒಂದು ಕ್ಲಿಪ್ ಸಿಕ್ಕಿಸಿ ಕಳಿಸಿದ್ದಳು. ಅದನ್ನು ಅವಳೇ ನನ್ನೆದುರು ಅತ್ತುಕೊಂಡು ಹೇಳಿದ್ದು. ಸೇತುವೆಯ ಆ ತಗಡಿನ ಕೋಣೆಗೆ ರಾತ್ರಿಯೆಲ್ಲ ಹೊರಗಿನಿಂದ ಬೀಗ ಹಾಕಿತ್ತು, ಒಳಗೆ ಬೇರೆ ಯಾರೂ ಇರಲಿಲ್ಲ ಅಂತ ಕಾವಲುಗಾರ ಆಣೆ ಮಾಡಿದ.

ನಾನು ಬಟ್ಟೆ ಸರಿಸಿ ನೋಡಿದರೆ ಕೂದಲು ಒಂದೆಳೆಯೂ ಕೆದರಿರಲಿಲ್ಲ. ನೀಟಾಗಿ ಬೈತಲೆ ತೆಗೆದು, ಐದೆಳೆಯ ಜಡೆ ಹೆಣೆದಿತ್ತು. ನಮ್ಮ ಮನೆಯಲ್ಲಿ ಯಾರಿಗೂ ಐದೆಳೆ ಹೆಣೆಯಲು ಬರುವುದಿಲ್ಲ. ತುದಿಗೆ ನಾರಿನ ಗಂಟು. ಬಿಚ್ಚಲು ಬಾರದೆ ಕತ್ತರಿಯಿಂದ ಕತ್ತರಿಸಿದವಳು ನಾನೇ. ಈ ಕೈಯಿಂದಲೇ.