ಎಲ್ಲರ ಪರವಾಗಿ ಒಬ್ಬನೇ ಕೊಟ್ಟ ಕಣ್ಣಿನ ಪರೀಕ್ಷೆ

ಭಕ್ತಿ ಅಂದ್ರೇನು ಅಂತ ಕೇಳ್ತೀರಿ. ಭಕ್ತಿ ಆಮೇಲೆ ನೋಡೋಣ, ಮೊದಲು ಹೊಣೆ ಅಂದ್ರೇನು ಅಂತ ತಿಳ್ಕೊಳ್ಳೋಣ. ಅದಕ್ಕೊಂದು ದೃಷ್ಟಾಂತ. ಮುಂಚೇನೇ ಹೇಳಿಬಿಡ್ತೀನಿ, ಈ ಕಥೆಯಲ್ಲಿ ತಪ್ಪು ಯಾರದು ಅಂತ ಹುಡುಕೋಕೆ ಹೋಗಿ ನನ್ನ ತಲೆ ಕೆಟ್ಟಿದೆ. ನಿಮ್ಮದೂ ಸ್ವಲ್ಪ ಕೆಡಲಿ.

ಯಾವುದೋ ಒಂದು ಊರು ಅಂತಿಟ್ಕೊಳ್ಳಿ. ಅಲ್ಲೊಬ್ಬ ಸಾಹುಕಾರ. ಎತ್ತಿನ ಗಾಡಿ ಕಾಲದವನಲ್ಲ, ನಮ್ಮ ಕಾಲದವನೇ. ಮೊಬೈಲು ಒತ್ತಿದರೆ ಬಾಗಿಲಿಗೆ ಕಾರು ಬರುತ್ತಲ್ಲ, ಅಂಥ ಕಂಪನಿ ಅವನದು. ಕಾನೂನು ಏನು ಹೇಳುತ್ತೆ? ಕಂಪನಿಗೆ ಪರವಾನಗಿ ಬೇಕು. ಡ್ರೈವರಿಗೆ ಲೈಸೆನ್ಸು ಬೇಕು, ಬಾಡಿಗೆ ಗಾಡಿ ಓಡಿಸೋ ಬ್ಯಾಡ್ಜು ಬೇಕು, ಪೊಲೀಸರ ಪರಿಶೀಲನೆ ಆಗ್ಬೇಕು, ಕಣ್ಣಿನ ಪರೀಕ್ಷೆ ಆಗ್ಬೇಕು. ಇವೆಲ್ಲ ಆಗಿವೆ ಅಂತ ಕಂಪನಿಯವನೇ ಹೊಣೆ ಹೊರಬೇಕು. ಹೊತ್ತ ಮೇಲೆ ಡ್ರೈವರ್ ಫೋಟೋ ಪಕ್ಕ ಒಂದು ಹಸಿರು ಟಿಕ್ ಬೀಳುತ್ತೆ. ಅದನ್ನ ನೋಡಿ ನೀವು ನಾವು ಕಾರು ಹತ್ತೋದು.

ಸರಿ, ಸಾಹುಕಾರ ಮ್ಯಾನೇಜರನ್ನ ಕರೆದು, "ಎಲ್ಲರ ಕಣ್ಣಿನ ಪರೀಕ್ಷೆನೂ ಈ ವಾರ ಮುಗಿಸಿಬಿಡಪ್ಪ, ಕಾರು ಮಾತ್ರ ನಿಲ್ಲಬಾರದು" ಅಂದ. ಅಂದು ಕೈ ತೊಳ್ಕೊಂಡ.

ಕಾರು ನಿಲ್ಲಬಾರದು, ಪರೀಕ್ಷೆಯೂ ಆಗ್ಬೇಕು. ಹೇಗೆ? ನೋಡಿ ನಮ್ಮವರ ತಲೆ! ಆ ಕಂಪನಿಯಲ್ಲೊಬ್ಬ ಡ್ರೈವರಿಗೆ ಬಹಳ ಚುರುಕಾದ ಕಣ್ಣು. ಡಾಕ್ಟರು ಶೆಡ್ಡಿಗೇ ಬಂದು ಗೋಡೆಗೆ ಅಕ್ಷರದ ಪಟ ನೇತುಹಾಕಿ ಹೆಸರು ಕೂಗೋದು, ಪ್ರತಿ ಹೆಸರಿಗೂ ಇವನೇ ಎದ್ದು ಬಂದು ಗಡಗಡ ಓದೋದು. ಡಾಕ್ಟರು ತಲೆ ಎತ್ತಿದ್ರೆ ತಾನೆ? ಶೆಡ್ಡಿನಲ್ಲಿದ್ದ ಯಾರಿಗೂ ಇದು ಮೋಸ ಅಂತ ಅನ್ನಿಸಲೇ ಇಲ್ಲ. ಕ್ಯೂನಲ್ಲಿ ನನ್ನ ಚೀಲಾನೂ ಇಟ್ಟಿರಪ್ಪ ಅಂತೀವಲ್ಲ, ಹಾಗೆ. ಒಬ್ಬರಿಗೊಬ್ಬರು ಉಪಕಾರ!

ಒಂದು ದಿನ ಸಾಹುಕಾರ ತುಂಬು ಬಸುರಿ ಮಗಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಾಯ್ತು. ಮನೆ ಕಾರು ರಿಪೇರಿಗೆ ಹೋಗಿತ್ತು. ಮಗಳು ಅಪ್ಪನ ಕಂಪನಿ ಕಾರನ್ನೇ ಕರೆಸಿದಳು. ವಯಸ್ಸಾದ ಡ್ರೈವರ್, ಬಹಳ ವಿನಯ. ಸ್ವಲ್ಪ ದೂರ ಹೋಗಿ, "ಸರ್, ಆ ಬೋರ್ಡಲ್ಲಿ ಏನಿದೆ, ಓದ್ತೀರಾ?" ಅಂದ. ಪಾಪ, ಓದು ಬರಲ್ಲ ಅಂತ ಸಾಹುಕಾರ ಖುಷಿಯಿಂದಲೇ ಓದಿ ಹೇಳಿದ. ಇನ್ನೊಂದು ಬೋರ್ಡು, ಅದನ್ನೂ ಓದಿದ. ಆಮೇಲೆ ಸಿಗ್ನಲ್ಲು. "ಸರ್, ಹಸಿರು ಬಿತ್ತಾ?"

"ಬಿತ್ತು" ಅಂದುಬಿಟ್ಟ. ಕಾರು ಹೊರಟ ಮೇಲೆ ಅವನಿಗೆ ಹೊಳೀತು, ಅಲ್ಲ, ಹಸಿರು ನೋಡೋಕೆ ಶಾಲೆಗೆ ಹೋಗಿರಬೇಕಾ?

ಅಷ್ಟರಲ್ಲಿ ಮಗಳು "ಅಣ್ಣಾ, ಬ್ರೇಕ್!" ಅಂತ ಕಿರುಚಿದಳು. ಎದುರಿಗೆ ಹಣ್ಣಿನ ಗಾಡಿ ತಳ್ಳಿಕೊಂಡು ಒಬ್ಬ ಹೆಂಗಸು. ಒಂದು ಗೇಣು ದೂರದಲ್ಲಿ ಕಾರು ನಿಂತಿತು. ಮಗಳು ಎರಡೂ ಕೈಯಲ್ಲಿ ಹೊಟ್ಟೆ ಹಿಡ್ಕೊಂಡಳು. ಸಾಹುಕಾರ ಮ್ಯಾನೇಜರಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಈ ಡ್ರೈವರಿಗೆ ಕಣ್ಣೇ ಕಾಣಲ್ಲ ಅಂತ ಬೈದ.

ಮ್ಯಾನೇಜರು, "ಏನ್ ಸರ್ ಹೀಗಂತೀರಾ, ಅವರ ಕಣ್ಣು ಫಸ್ಟ್ ಕ್ಲಾಸ್ ಇದೆ. ಸರ್ಟಿಫಿಕೇಟು ನನ್ನ ಮುಂದೇನೇ ಇದೆ" ಅಂದ.

ಡ್ರೈವರು, "ಸರ್ಟಿಫಿಕೇಟು ಸರಿಯಾಗೇ ಇದೆ ಸರ್, ಕಣ್ಣೇ ಸರಿಯಿಲ್ಲ. ಪೊರೆ ಬಂದಿದೆ ಅಂತ ನಾನು ಹೇಳಿದ್ದೆ. ಚಿಂತೆ ಮಾಡ್ಬೇಡ, ನಿನ್ನ ಬದಲು ಇವನು ಓದ್ತಾನೆ ಅಂದ್ರು."

"ಯಾರು ಅಂದಿದ್ದು?" ಅಂತ ಕೇಳಿದ್ರೆ, ಮ್ಯಾನೇಜರು ಅಂತಾನೆ. ಮ್ಯಾನೇಜರನ್ನ ಕೇಳಿದ್ರೆ, "ಕಾರು ನಿಲ್ಲಬಾರದು ಅಂದಿದ್ದು ನೀವೇ ಅಲ್ವಾ ಸರ್?"

ಸಾಹುಕಾರನಿಗೆ ತಲೆಬುಡ ತಿಳೀಲಿಲ್ಲ. "ಇಳಿಯಯ್ಯಾ, ನಾನೇ ಓಡಿಸ್ತೀನಿ" ಅಂದ. ಡ್ರೈವರು ಗಾಬರಿಯಿಂದ, "ಸರ್, ನಿಮ್ಮ ಹತ್ರ ಬ್ಯಾಡ್ಜ್ ಇದೆಯಾ?" ನಗ್ತೀರಾ? ನಗಿ. ಅವನು ನಿಜವಾಗ್ಲೂ ಕಾನೂನಿಗೆ ಹೆದರಿದ್ದ.

ಮಗಳು ಕೆಳಗಿಳಿದು ಇನ್ನೊಂದು ಕಾರಿಗೆ ಮೊಬೈಲು ಒತ್ತಿದಳು. ಬೇರೆ ಡ್ರೈವರ ಫೋಟೋ ಬಂತು, ಪಕ್ಕದಲ್ಲಿ ಅದೇ ಹಸಿರು ಟಿಕ್. ಅದನ್ನ ಅಪ್ಪನ ಮುಂದೆ ಹಿಡಿದು, "ಅಪ್ಪಾ, ಇವರನ್ನ ನಂಬಲಾ?" ಅಂದಳು.

ಟಿಕ್ ಯಾರದು? ಅವನದೇ. ಉತ್ತರ ಹೇಳ್ಬೇಕಾದವನು ಯಾರು? ಅವನೇ. ಆ ಟಿಕ್ ಮೇಲೆ ಬೆರಳಿಟ್ಟು, "ಗೊತ್ತಿಲ್ಲಮ್ಮ" ಅಂದ.

"ಗೊತ್ತಿಲ್ಲದೆ ದಿನಾ ಊರವರ ಮಕ್ಕಳನ್ನ ಹೆಂಗಪ್ಪಾ ಹತ್ತಿಸ್ತಿದ್ದೆ?"

ಆಸ್ಪತ್ರೆ ಹತ್ತಿರದಲ್ಲೇ ಇತ್ತು. ಮಗಳ ತೋಳು ಹಿಡ್ಕೊಂಡು ಬಿಸಿಲಲ್ಲಿ ನಡೆಸ್ಕೊಂಡು ಹೋದ. ಅವನ ಕಾರುಗಳು ಪಕ್ಕದಲ್ಲೇ ಓಡಾಡ್ತಿದ್ವು, ಒಂದಕ್ಕೂ ಕೈ ಮಾಡೋ ಧೈರ್ಯ ಬರಲಿಲ್ಲ.

ಈಗ ಹೇಳಿ, ತಪ್ಪು ಯಾರದು? ಡ್ರೈವರು ಸುಳ್ಳು ಹೇಳಲಿಲ್ಲ. ಚುರುಕು ಕಣ್ಣಿನವನು ಉಪಕಾರ ಮಾಡಿದ. ಮ್ಯಾನೇಜರು ಹೇಳಿದ್ದು ಕೇಳಿದ. ಸಾಹುಕಾರ ಮೋಸ ಮಾಡು ಅಂತ ಬಾಯಿಬಿಟ್ಟು ಹೇಳಲೇ ಇಲ್ಲ. ನನಗೂ ಗೊಂದಲ. ಆದರೆ ಒಂದು ಮಾತ್ರ ನೋಡಿ, ನನ್ನ ಹೊಟ್ಟೆ ಉರಿಯೋದು ಅಲ್ಲೇ. ಆ ಮುದುಕನನ್ನ ಪರೀಕ್ಷೆಗೆ ನಿಲ್ಲಿಸಿ ಫೇಲು ಮಾಡಿದ್ದಿದ್ರೆ, ಅವನು ಪೊರೆ ತೆಗೆಸ್ಕೊಂಡು ಇಷ್ಟು ಹೊತ್ತಿಗೆ ನೆಮ್ಮದಿಯಾಗಿ ಕಾರು ಓಡಿಸ್ತಿದ್ದ. ಎಲ್ಲರೂ ಸೇರಿ ಪಾಸು ಮಾಡಿಸಿದ್ರು. ಪಾಸಾದವನ ಕಣ್ಣು ಯಾರು ನೋಡ್ತಾರೆ?

ಅಲ್ಲಿ ಹಿಂದೆ ಕೂತು ತಲೆ ಆಡಿಸ್ತಿದ್ದೀರಲ್ಲ, ನೀವೂ ಸಾಹುಕಾರರೇ! ಹೆಣ್ಣು ಕೊಡೋರು ಬಂದು ಪಕ್ಕದ ಮನೆ ಹುಡುಗನ ಬಗ್ಗೆ ಕೇಳಿದ್ರೆ "ಹುಡುಗ ಚಿನ್ನ" ಅಂತೀರಿ, ಅವನ ಹತ್ರ ಒಂದು ಮಾತಾಡಿರಲ್ಲ. ಶಾಲೆ ವ್ಯಾನಿಗೆ ಮಕ್ಕಳನ್ನ ತುಂಬಿ ಕಳಿಸ್ತೀರಿ, ಓಡಿಸೋನ ಮುಖ ನೋಡಿರಲ್ಲ. ಇನ್ನು ಸಾಕು. ನಾಳೆ ಬೆಳಿಗ್ಗೆ ಆ ವ್ಯಾನಿನ ಹತ್ರ ಹೋಗಿ, ಡ್ರೈವರನ್ನ ಮಾತಾಡಿಸಿ, ಲೈಸೆನ್ಸು ತೋರಿಸಪ್ಪ ಅಂತ ಕೇಳಿ. ನಾಚಿಕೆ ಬೇಡ. ಯಾರಾದ್ರೂ ಒಂದು ಸಹಿ ಹಾಕಿ ಅಂದ್ರೆ, ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ" ಅನ್ನಿ. ಮನೇಲಿ ಕಣ್ಣು ಮಂಜಾದ ಹಿರಿಯರು ಸ್ಕೂಟರ್ ಓಡಿಸ್ತಿದ್ರೆ, ಸುಮ್ಮನಿರೋದು ಪ್ರೀತಿ ಅಂದ್ಕೋಬೇಡಿ. ಬೀಗದ ಕೈ ಇಸ್ಕೊಳ್ಳಿ, ಕೈ ಹಿಡ್ಕೊಂಡು ಡಾಕ್ಟರ ಹತ್ರ ಕರ್ಕೊಂಡು ಹೋಗಿ, ಪಟದ ಮುಂದೆ ಅವರನ್ನೇ ನಿಲ್ಲಿಸಿ. ತಡವರಿಸ್ತಾರೆ, ನಿಮ್ಮ ಕಡೆ ತಿರುಗಿ ನೋಡ್ತಾರೆ. ಆಗ ಬಾಯಿ ಮುಚ್ಕೊಂಡಿರಿ. ಅವರ ಬದಲು ನೀವು ಓದಬೇಡಿ.